ಶಕ್ತಿತಸ್ತಪವೂ ಮುಂಜಾವಿನ ಗುಳಿಗೆಯೂ

ಶ್ರೀ ವೀತರಾಗಾಯ ನಮಃ



ತೀರ್ಥಂಕರ ನಾಮಕರ್ಮದ ಬಂಧಕ್ಕೆ ಕಾರಣವಾದ ಹದಿನಾರು ಭಾವನೆಗಳನ್ನು ಷೋಡಶಕಾರಣ ನೋಂಪಿಯ ನಿಮಿತ್ತ ಶ್ರಾವಕ ಶ್ರಾವಿಕೆಯರು ಭಾದ್ರಪದ ಮಾಸದಲ್ಲಿ ಭಕ್ತಿಯಿಂದ ಸ್ಮರಿಸುತ್ತಾರೆ. ಆ ಹದಿನಾರರಲ್ಲಿ ತಪಸ್ಸಿಗೆ ಸಂಬಂಧಿಸಿದ ಭಾವನೆಗೆ ಆಚಾರ್ಯರು ಬರಿದೆ 'ತಪ'ವೆಂದು ಹೆಸರಿಡಲಿಲ್ಲ; 'ಶಕ್ತಿತಸ್ತಪ'ವೆಂದು ಹೆಸರಿಟ್ಟರು. ತ್ಯಾಗದ ಭಾವನೆಗೂ ಇದೇ ವಿಶೇಷಣವನ್ನು ಕೊಟ್ಟು 'ಶಕ್ತಿತಸ್ತ್ಯಾಗ'ವೆಂದರು. ಈ ವಿಶೇಷಣಕ್ಕೆ ಎರಡು ಮುಖಗಳುಂಟು. ಇರುವ ಶಕ್ತಿಯನ್ನು ಬಚ್ಚಿಟ್ಟುಕೊಂಡು ಸೋಮಾರಿಯಾಗಿರುವವನು ತಪಸ್ವಿಯಲ್ಲ; ಇಲ್ಲದ ಶಕ್ತಿಯನ್ನು ಇದೆಯೆಂದು ಭ್ರಮಿಸಿ, ಮೋಕ್ಷಮಾರ್ಗಕ್ಕೆ ಸಾಧನವಾದ ದೇಹವನ್ನೇ ಕೆಡಿಸಿಕೊಳ್ಳುವವನೂ ತಪಸ್ವಿಯಲ್ಲ. ಮೊದಲನೆಯ ಮಾತನ್ನು ಸಮಾಜವು ಚೆನ್ನಾಗಿ ನೆನಪಿಟ್ಟುಕೊಂಡಿದೆ. ಎರಡನೆಯದನ್ನು ಮರೆತಾಗ ಎಂತಹ ಅನರ್ಥವಾಗುತ್ತದೆಂಬುದಕ್ಕೆ ಕೃಷ್ಣಾ ತೀರದ ಒಂದು ಊರಿನ ಶ್ರಾವಿಕೆಯೊಬ್ಬಳ ವೃತ್ತಾಂತವೇ ಸಾಕ್ಷಿ.

ಆಕೆಗೆ ಐವತ್ತೆರಡು ವರ್ಷ. ಮದುವೆಯಾದಂದಿನಿಂದ ದಶಲಕ್ಷಣ ಪರ್ವದ ಹತ್ತು ದಿನಗಳ ನಿಯಮವನ್ನು ಒಂದು ವರ್ಷವೂ ಬಿಟ್ಟವಳಲ್ಲ. ಪಂಚಮಿಗೂ ಅನಂತ ಚತುರ್ದಶಿಗೂ ಉಪವಾಸ, ನಡುವಣ ದಿನಗಳಲ್ಲಿ ಏಕಭುಕ್ತ. ಕೊರಳಿನಲ್ಲಿ ಗಳಗಂಡ ಬೆಳೆದು ಶ್ವಾಸನಾಳವನ್ನು ಒತ್ತತೊಡಗಿದ್ದರಿಂದ ವೈದ್ಯರು ಚೈತ್ರ ಮಾಸದಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಥೈರಾಯ್ಡ್ ಗ್ರಂಥಿಯನ್ನು ಪೂರ್ಣವಾಗಿ ತೆಗೆದುಹಾಕಿದರು. ದಿನಕ್ಕೆ 100 ಮೈಕ್ರೊಗ್ರಾಂ ಲೀವೊಥೈರಾಕ್ಸಿನ್ ಗುಳಿಗೆಯನ್ನು ಜೀವನಪರ್ಯಂತ ಸೇವಿಸಬೇಕೆಂದು ವಿಧಿಸಿದರು. ಭಾದ್ರಪದ ಬಂದಿತು. ವ್ರತದ ದಿನ ಏನನ್ನು ನುಂಗಿದರೂ ವ್ರತಭಂಗವೆಂದು ಬಸದಿಯಲ್ಲಿ ಯಾರೋ ಹೇಳಿದ ಮಾತನ್ನು ನಂಬಿ ಆಕೆ ಹತ್ತು ದಿನ ಗುಳಿಗೆಯನ್ನು ನಿಲ್ಲಿಸಿದಳು. ಆ ಹತ್ತು ದಿನಗಳಲ್ಲಿ ಹೇಳಿಕೊಳ್ಳುವಂತಹ ತೊಂದರೆಯೇನೂ ಆಗಲಿಲ್ಲ. ಅಪಾಯದ ಮೂಲವಿದ್ದುದು ಅಲ್ಲಿಯೇ. 'ವ್ರತದ ಪುಣ್ಯದಿಂದ ಗುಳಿಗೆಯ ಅವಶ್ಯಕತೆಯೇ ತಪ್ಪಿತು' ಎಂದು ಭಾವಿಸಿದ ಆಕೆ ಪರ್ವ ಕಳೆದ ಮೇಲೂ ಅದನ್ನು ಮುಟ್ಟಲಿಲ್ಲ.

ದೀಪಾವಳಿಯ ಮುಂಜಾನೆ ಮಹಾವೀರಸ್ವಾಮಿಯ ನಿರ್ವಾಣಪೂಜೆಗೆ ಮನೆಯವರೆಲ್ಲ ಹೊರಟಾಗ ಆಕೆಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಮುಖ ಊದಿಕೊಂಡಿತ್ತು, ಧ್ವನಿ ಒಡೆದಿತ್ತು, ಕಾರ್ತಿಕದ ಎಳೆಯ ಚಳಿಗೇ ಎರಡು ಕಂಬಳಿ ಹೊದ್ದರೂ ನಡುಕ ನಿಲ್ಲುತ್ತಿರಲಿಲ್ಲ. ಸ್ತೋತ್ರ ಹೇಳಹೊರಟರೆ ಅರ್ಧಕ್ಕೆ ಮರೆತುಹೋಗುತ್ತಿತ್ತು. ಅತ್ತೆ ಮಾತ್ರ, "ಗಂಟಲಿನ ಗಾಯ ಮಾಯ್ದು ಆರು ತಿಂಗಳಾಯಿತು, ಇನ್ನೂ ಎಂತಹ ಆಯಾಸ?" ಎಂದು ಕೇಳುತ್ತಿದ್ದರು. ರಕ್ತಪರೀಕ್ಷೆ ಮಾಡಿಸಿದಾಗ, ಸಾಮಾನ್ಯವಾಗಿ ಸುಮಾರು 0.4ರಿಂದ 4ರ ಒಳಗಿರಬೇಕಾದ ಟಿ.ಎಸ್.ಎಚ್. ಪ್ರಮಾಣವು 60ನ್ನು ದಾಟಿತ್ತು.

ಇದರ ಅರ್ಥವನ್ನು ತಿಳಿಯಬೇಕು. ಥೈರಾಯ್ಡ್ ಎಂಬುದು ಕೊರಳ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಒಂದು ನಿರ್ನಾಳ ಗ್ರಂಥಿ. ಅದು ರಕ್ತಕ್ಕೆ ಸೇರಿಸುವ ಥೈರಾಕ್ಸಿನ್ ಎಂಬ ಹಾರ್ಮೋನು ದೇಹದ ಕಾವನ್ನೂ, ಹೃದಯದ ಬಡಿತವನ್ನೂ, ಕರುಳಿನ ಚಲನೆಯನ್ನೂ, ಬುದ್ಧಿಯ ಚುರುಕನ್ನೂ ಒಂದು ಹದದಲ್ಲಿಡುತ್ತದೆ. ಈ ಹಾರ್ಮೋನು ಕಡಮೆಯಾದರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಪ್ರಚೋದಕವನ್ನು ಹೆಚ್ಚುಹೆಚ್ಚಾಗಿ ಸುರಿಸುತ್ತದೆ. ಹೆಚ್ಚಾದರೆ ತನ್ನ ಕೈಯನ್ನು ಬಿಗಿಹಿಡಿಯುತ್ತದೆ. ಆದುದರಿಂದ ಟಿ.ಎಸ್.ಎಚ್. ಏರಿದರೆ ಔಷಧಿ ಸಾಲದೆಂದೂ, ಇಳಿದರೆ ಔಷಧಿ ಮಿತಿಮೀರಿದೆಯೆಂದೂ ವೈದ್ಯರು ಎಣಿಸುತ್ತಾರೆ. ಗ್ರಂಥಿಯನ್ನೇ ತೆಗೆದ ಮೇಲೆ ದೇಹಕ್ಕೆ ಈ ಹಾರ್ಮೋನು ದೊರೆಯುವುದು ಗುಳಿಗೆಯೊಂದರಿಂದಲೇ.

ಹಾಗಾದರೆ ಮೊದಲ ಹತ್ತು ದಿನ ಏನೂ ಆಗಲಿಲ್ಲವೇಕೆ? ಬಸದಿಯ ನಂದಾದೀಪಕ್ಕೆ ಎಣ್ಣೆ ಎರೆಯುವುದನ್ನು ನಿಲ್ಲಿಸಿದ ಕ್ಷಣದಲ್ಲಿ ದೀಪ ಆರುವುದಿಲ್ಲ. ಉಳಿದ ಎಣ್ಣೆಯಿಂದ ಕೆಲಕಾಲ ಉರಿಯುತ್ತದೆ. ರಕ್ತದಲ್ಲಿ ಈಗಾಗಲೇ ಇರುವ ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಹಿಡಿಯುತ್ತದೆ. ಏರುವಾಗಲೂ ಇದೇ ನಿಧಾನ. ಇಂದು ಬದಲಾಯಿಸಿದ ಪ್ರಮಾಣದ ಪೂರ್ಣ ಫಲ ಕಾಣಲು ಸುಮಾರು ಆರು ವಾರಗಳು ಬೇಕು. ಕರ್ಮಸಿದ್ಧಾಂತವನ್ನು ಬಲ್ಲವರಿಗೆ ಇದು ಹೊಸತೆನಿಸದು. ಬಂಧವಾದ ಕರ್ಮವು ಕೂಡಲೇ ಉದಯಕ್ಕೆ ಬಾರದೆ ಅಬಾಧಾಕಾಲದವರೆಗೆ ಸುಮ್ಮನಿರುತ್ತದೆ. ಅಬಾಧಾಕಾಲದಲ್ಲಿ ಫಲ ಕಾಣದೆಂದು ಕರ್ಮವೇ ಇಲ್ಲವೆನ್ನುವವನು ಹೇಗೆ ಅಜ್ಞಾನಿಯೋ, ಹತ್ತು ದಿನ ತೊಂದರೆ ಕಾಣದೆಂದು ಗುಳಿಗೆಯೇ ಬೇಡವೆನ್ನುವವನೂ ಹಾಗೆಯೇ. ಬಹುಕಾಲ ಔಷಧಿಯನ್ನು ಬಿಟ್ಟವರಿಗೆ ಮೈ ತಣ್ಣಗಾಗಿ, ಪ್ರಜ್ಞೆ ತಪ್ಪಿ, ಪ್ರಾಣಕ್ಕೇ ಸಂಚಕಾರ ಬರುವುದುಂಟು.

ಚಾತುರ್ಮಾಸ ಮುಗಿಸಿ ವಿಹಾರಕ್ಕೆ ಹೊರಡಲಿದ್ದ ಮುನಿಮಹಾರಾಜರ ಬಳಿಗೆ ಆಕೆಯನ್ನು ಪತಿಯು ಕರೆತಂದನು. ದೂರದಲ್ಲಿ ಕುಳಿತು ನಮೋಸ್ತು ಎಂದು ವಂದಿಸಿದ ಆಕೆ, "ಮಹಾರಾಜರೇ, ವೈದ್ಯರು ಒಂದು ದಿನವೂ ಗುಳಿಗೆ ಬಿಡಕೂಡದೆನ್ನುತ್ತಾರೆ. ಇನ್ನು ಮುಂದೆ ನನಗೆ ಉಪವಾಸದ ಭಾಗ್ಯವೇ ಇಲ್ಲವೆ?" ಎಂದು ಕಣ್ಣೀರು ತಂದುಕೊಂಡಳು.

ಮಹಾರಾಜರು ಕೇಳಿದರು: "ತಾಯಿ, ಆ ಗುಳಿಗೆಯನ್ನು ರುಚಿಗಾಗಿ ನುಂಗುತ್ತೀಯಾ?"

"ಇಲ್ಲ ಮಹಾರಾಜರೇ."

"ಹಸಿವು ತಣಿಯಲೆಂದು ನುಂಗುತ್ತೀಯಾ?"

"ಇಲ್ಲ."

"ಹಾಗಾದರೆ ಉಪವಾಸದಲ್ಲಿ ನೀನು ಬಿಡಬೇಕಾದುದು ಯಾವುದು? ಆಹಾರದ ಮೇಲಣ ರಾಗವನ್ನು. ನೀನು ಬಿಟ್ಟುದು ಯಾವುದನ್ನು? ಯಾವ ರಾಗವೂ ಇಲ್ಲದ ಒಂದು ಔಷಧಿಯನ್ನು. ಈ ದಿನ ಒಂದು ಹೊಸ ನಿಯಮವನ್ನು ತೆಗೆದುಕೋ. ವೈದ್ಯರು ಹೇಳುವವರೆಗೆ ಈ ಗುಳಿಗೆಯನ್ನು ಒಂದು ದಿನವೂ ತಪ್ಪಿಸೆನು, ನನ್ನ ಇಚ್ಛೆಯಿಂದ ಹೆಚ್ಚಿಸೆನು, ಇಳಿಸೆನು ಎಂಬುದೇ ಆ ನಿಯಮ. ಉಪವಾಸದ ಮಾತನ್ನು ಮುಂದಿನ ಭಾದ್ರಪದದಲ್ಲಿ ಆಡೋಣ."

ಈ ಆದೇಶವು ಶಾಸ್ತ್ರಕ್ಕೆ ಹೊರತಾದುದಲ್ಲ. ಪ್ರೋಷಧೋಪವಾಸಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಅನಾದರವೂ ಒಂದು. ಕರ್ಣಾಟಕದ ಮಹಾನ್ ಆಚಾರ್ಯರಾದ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಈ ಪದವನ್ನು ವಿವರಿಸುತ್ತ, ಹಸಿವಿನಿಂದ ಬಾಧಿತನಾಗಿ ಆವಶ್ಯಕ ಕ್ರಿಯೆಗಳಲ್ಲಿ ಉತ್ಸಾಹ ಕಳೆದುಕೊಳ್ಳುವುದನ್ನೇ ಅನಾದರವೆಂದಿದ್ದಾರೆ. ಹಸಿವಿನಿಂದ ಬಂದ ನಿರುತ್ಸಾಹವೇ ಅತಿಚಾರವಾಗುವುದಾದರೆ, ಬೇಕೆಂದೇ ಔಷಧಿ ಬಿಟ್ಟು ಸಾಮಾಯಿಕವನ್ನೂ ಸ್ವಾಧ್ಯಾಯವನ್ನೂ ನಡೆಸಲಾರದ ಸ್ಥಿತಿಯನ್ನು ತಂದುಕೊಳ್ಳುವುದು ಹೇಗೆ ನಿರ್ದೋಷವಾದೀತು? ಹತ್ತು ಪ್ರಾಣಗಳಲ್ಲಿ ಮನೋಬಲ, ವಚನಬಲ, ಕಾಯಬಲಗಳು ಸೇರಿವೆ. ಪ್ರಮಾದದಿಂದ ಪ್ರಾಣಗಳಿಗೆ ಘಾತವಾಗುವುದೇ ಹಿಂಸೆ. ಆ ಪ್ರಾಣಗಳು ತನ್ನವೇ ಆದರೂ ಹಿಂಸೆಯು ಹಿಂಸೆಯೇ.

ಕೆಲವರು ಇದನ್ನು ಸಲ್ಲೇಖನದೊಡನೆ ಹೋಲಿಸುವುದುಂಟು. ಅದು ತೀರ ತಪ್ಪು. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಮಾತ್ರ ಸಲ್ಲೇಖನವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಟ್ಟುಮಾಡಿದ್ದಾರೆ. ಗ್ರಂಥಿ ತೆಗೆಸಿಕೊಂಡವರ ಹಾರ್ಮೋನಿನ ಕೊರತೆಗಂತೂ ಸಾಸಿವೆಗಿಂತ ತುಸು ದೊಡ್ಡದಾದ ಒಂದು ಗುಳಿಗೆಯೇ ಪ್ರತೀಕಾರ.

ಆ ಸಮಂತಭದ್ರರ ಜೀವನವೇ ಇಲ್ಲಿ ದಾರಿದೀಪ. ಅವರಿಗೆ ಭಸ್ಮಕವ್ಯಾಧಿ ತಗಲಿ, ಉಂಡುದೆಲ್ಲ ಬೂದಿಯಾಗಿ ಹಸಿವು ಅಡಗದಂತಾಯಿತೆಂದು ಪರಂಪರೆಯು ಹೇಳುತ್ತದೆ. ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅನುಜ್ಞೆ ಬೇಡಿದರು. ಅವರಿಂದ ಧರ್ಮಪ್ರಭಾವನೆ ಆಗಬೇಕಾಗಿರುವುದನ್ನು ಅರಿತ ಗುರುಗಳು ಅನುಜ್ಞೆ ಕೊಡಲಿಲ್ಲ. ವ್ಯಾಧಿ ಶಮನವಾಗುವವರೆಗೆ ಮುನಿವೇಷವನ್ನು ಬಿಟ್ಟಿರುವಂತೆಯೂ, ಗುಣವಾದ ಮೇಲೆ ಪುನಃ ದೀಕ್ಷೆ ಪಡೆಯುವಂತೆಯೂ ಆದೇಶಿಸಿದರು. ಸಮಂತಭದ್ರರು ಹಾಗೆಯೇ ನಡೆದು, ಗುಣಹೊಂದಿ, ಮತ್ತೆ ಮುನಿಗಳಾದರು. ಅಷ್ಟು ದೊಡ್ಡ ಆಚಾರ್ಯರು ರೋಗದ ನಿಮಿತ್ತ ಮಹಾವ್ರತಗಳನ್ನೇ ಕೆಲಕಾಲ ಬದಿಗಿಟ್ಟು ಮತ್ತೆ ಎತ್ತಿಕೊಂಡಿರುವಾಗ, ಗೃಹಸ್ಥ ಶ್ರಾವಿಕೆಯು ಒಂದು ವರ್ಷ ಉಪವಾಸವನ್ನು ಬಿಟ್ಟು ಏಕಭುಕ್ತವನ್ನು ಹಿಡಿದರೆ ಅಪಚಾರವೇನು?

ಆಕೆ ಮಾರ್ಗಶಿರದಿಂದ ನಿಯಮವನ್ನು ಪಾಲಿಸತೊಡಗಿದಳು. ಆದರೆ ಆರು ವಾರ ಕಳೆದರೂ ಟಿ.ಎಸ್.ಎಚ್. 9ರಲ್ಲಿಯೇ ನಿಂತಿತು, ಬಳಲಿಕೆಯೂ ತಕ್ಕಮಟ್ಟಿಗೆ ಉಳಿದಿತ್ತು. ನೆರೆಯವಳೊಬ್ಬಳು, "ನಾನು 150ರ ಗುಳಿಗೆ ನುಂಗುತ್ತೇನೆ, ನೀನೂ ಹೆಚ್ಚಿಸಿಕೋ" ಎಂದಳು. ಆಕೆ ನಿಯಮವನ್ನು ನೆನೆದು ಸುಮ್ಮನಿದ್ದುದು ಒಳ್ಳೆಯದಾಯಿತು. ಪೂರ್ಣ ಗ್ರಂಥಿ ತೆಗೆದವರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 1.6 ಮೈಕ್ರೊಗ್ರಾಂ ಎಂಬ ಲೆಕ್ಕದಿಂದ ಆರಂಭಿಸುವುದು ವಾಡಿಕೆ. ಮುದುಕರಿಗೂ ಹೃದ್ರೋಗಿಗಳಿಗೂ ಇನ್ನೂ ಎಚ್ಚರಿಕೆ ಬೇಕು. ಗರ್ಭಿಣಿಯರಿಗೆ ಹೆಚ್ಚು ಬೇಕಾಗುತ್ತದೆ. ಅರ್ಬುದಕ್ಕಾಗಿ ಗ್ರಂಥಿ ತೆಗೆಸಿಕೊಂಡ ಕೆಲವರಲ್ಲಿ ವೈದ್ಯರು ಬೇಕೆಂದೇ ಟಿ.ಎಸ್.ಎಚ್. ಅನ್ನು ಕೆಳಗಿಡುತ್ತಾರೆ. ಒಬ್ಬರ ಪ್ರಮಾಣ ಮತ್ತೊಬ್ಬರಿಗೆ ಪ್ರಮಾಣವಲ್ಲ. ಮಿತಿಮೀರಿದರೆ ಎದೆ ಡವಗುಟ್ಟುವುದು, ಕೈ ನಡುಗುವುದು, ನಿದ್ರೆ ಕೆಡುವುದು, ಬಹುಕಾಲದಲ್ಲಿ ಎಲುಬು ಸವೆಯುವುದು ಮೊದಲಾದ ಬಾಧೆಗಳುಂಟು.

ವೈದ್ಯರು ಪ್ರಮಾಣವನ್ನು ಹೆಚ್ಚಿಸುವ ಮೊದಲು, "ಗುಳಿಗೆಯನ್ನು ಹೇಗೆ ಸೇವಿಸುತ್ತೀರಿ?" ಎಂದು ವಿಚಾರಿಸಿದರು. ಆಗ ತಿಳಿದುದೇನೆಂದರೆ, ಆಕೆ ಅದನ್ನು ಕಾಫಿಯೊಡನೆ ನುಂಗಿ, ಆ ಕೂಡಲೇ ಕ್ಯಾಲ್ಸಿಯಂ ಗುಳಿಗೆಯನ್ನೂ ನುಂಗುತ್ತಿದ್ದಳು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಗುಳಿಗೆಗಳು ಥೈರಾಕ್ಸಿನ್ನನ್ನು ಕರುಳಿನಲ್ಲಿಯೇ ಹಿಡಿದಿಟ್ಟುಕೊಳ್ಳುತ್ತವೆ. ಆದುದರಿಂದ ನಾಲ್ಕು ಗಂಟೆಗಳ ಅಂತರವಿರಬೇಕು. ಕಾಫಿಯೂ ಆಹಾರವೂ ಅದರ ಹೀರಿಕೆಯನ್ನು ತಗ್ಗಿಸುತ್ತವೆ. ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಗುಳಿಗೆಯ ಪ್ರಮಾಣವನ್ನು ಬದಲಿಸದೆ ಕ್ರಮವನ್ನು ಮಾತ್ರ ತಿದ್ದಿದರು. ಮತ್ತೆ ಆರು ವಾರಗಳಿಗೆ ಟಿ.ಎಸ್.ಎಚ್. 2.8ಕ್ಕೆ ಇಳಿಯಿತು.

ಈ ಕ್ರಮವು ಶ್ರಾವಕರ ದಿನಚರಿಗೆ ಎಷ್ಟು ಸಹಜವಾಗಿ ಹೊಂದುತ್ತದೆಂಬುದನ್ನು ಗಮನಿಸಬೇಕು. ರಾತ್ರಿಭೋಜನ ತ್ಯಾಗವುಳ್ಳವರಿಗೆ ಬೆಳಗಿನ ಹೊಟ್ಟೆ ಬರಿದಾಗಿಯೇ ಇರುತ್ತದೆ. ಸೂರ್ಯೋದಯವಾದೊಡನೆ, ಎರಡು ಘಳಿಗೆಯ ನಿಯಮವುಳ್ಳವರು 48 ನಿಮಿಷಗಳ ತರುವಾಯ, ಕಾಯಿಸಿ ಆರಿಸಿದ ಪ್ರಾಸುಕ ಜಲದೊಡನೆ ಗುಳಿಗೆ ಸೇವಿಸಿ, ಆಮೇಲೆ ಜಿನದರ್ಶನವನ್ನೂ ಪೂಜೆಯನ್ನೂ ಮುಗಿಸಿ ಬಂದರೆ ವೈದ್ಯರು ಹೇಳುವ ಒಂದು ಗಂಟೆ ತಾನಾಗಿಯೇ ತುಂಬುತ್ತದೆ.

ಔಷಧಿಯ ಶುದ್ಧಿಯ ಬಗೆಗೆ ಧರ್ಮಭೀರುಗಳಿಗೆ ಸಂದೇಹ ಬರುವುದು ಸಹಜ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಶಸ್ತ್ರವೈದ್ಯ ಕೋಖರ್, ಪೂರ್ಣ ಗ್ರಂಥಿ ತೆಗೆದ ತನ್ನ ರೋಗಿಗಳಲ್ಲಿ ಬಹುಪಾಲು ಜನರು ಮುಂದೆ ನಿಶ್ಶಕ್ತರೂ ಮಂದರೂ ಆದುದನ್ನು 1883ರಲ್ಲಿ ತಾನೇ ಒಪ್ಪಿಕೊಂಡು ಪ್ರಕಟಿಸಿದನು. ಅವನಿಗೆ 1909ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1891ರಲ್ಲಿ ಇಂಗ್ಲೆಂಡಿನ ವೈದ್ಯ ಮರ್ರೆ ಈ ಕೊರತೆಯುಳ್ಳ ಒಬ್ಬ ಮಹಿಳೆಗೆ ಕುರಿಯ ಗ್ರಂಥಿಯ ಸಾರವನ್ನು ಕೊಟ್ಟು ಬದುಕಿಸಿದನು. ಆಕೆ 1919ರವರೆಗೆ ಬಾಳಿದಳು. ಆದರೆ ಅದಕ್ಕಾಗಿ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದುವು. ಆ ಕಾಲದಲ್ಲಿ ಅಹಿಂಸಾವ್ರತಿಗೆ ಇದು ಧರ್ಮಸಂಕಟವೇ ಆಗುತ್ತಿತ್ತು. 1914ರಲ್ಲಿ ಅಮೆರಿಕದ ಕೆಂಡಲ್ ಪ್ರಾಣಿಗಳ ಗ್ರಂಥಿಯಿಂದ ಥೈರಾಕ್ಸಿನ್ನನ್ನು ಬೇರ್ಪಡಿಸಿದನು. 1927ರಲ್ಲಿ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಎಂಬವರು ಅದನ್ನು ರಸಾಯನಶಾಲೆಯಲ್ಲಿಯೇ ತಯಾರಿಸಿ ತೋರಿಸಿದರು. ಇಂದಿನ ಲೀವೊಥೈರಾಕ್ಸಿನ್ ಹೀಗೆ ರಾಸಾಯನಿಕವಾಗಿ ಸಿದ್ಧವಾದುದು. ಪ್ರಾಣಿಗ್ರಂಥಿಯನ್ನು ಒಣಗಿಸಿ ಮಾಡಿದ ಗುಳಿಗೆಗಳು ಅಮೆರಿಕದಂತಹ ದೇಶಗಳಲ್ಲಿ ಈಗಲೂ ದೊರೆಯುವುದರಿಂದ ಅಲ್ಲಿ ನೆಲಸಿರುವ ಶ್ರಾವಕರು ಕೇಳಿ ತಿಳಿದು ಕೊಳ್ಳತಕ್ಕದ್ದು. ಗುಳಿಗೆಗೆ ಸೇರಿಸುವ ಪುಡಿಗಳ ಮೂಲದ ವಿಷಯದಲ್ಲಿ ಸಂದೇಹವಿದ್ದರೆ ಔಷಧದಂಗಡಿಯವರ ಮೂಲಕ ತಯಾರಕರನ್ನು ವಿಚಾರಿಸಬಹುದು. ಸಂದೇಹ ಪರಿಹಾರವಾಗುವವರೆಗೆ ಗುಳಿಗೆಯನ್ನು ನಿಲ್ಲಿಸಕೂಡದು. ಮಾಂಸ, ಮದ್ಯ, ಮಧುಗಳಿಲ್ಲದ ಚಿಕಿತ್ಸೆಗಾಗಿ ಉಗ್ರಾದಿತ್ಯಾಚಾರ್ಯರು ರಾಷ್ಟ್ರಕೂಟರ ಕಾಲದಲ್ಲಿಯೇ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದರು. ಜೈನಧರ್ಮವು ಔಷಧಿಯನ್ನು ತ್ಯಜಿಸಿದ ಧರ್ಮವಲ್ಲ, ಶುದ್ಧಗೊಳಿಸಿದ ಧರ್ಮ. ನಾಲ್ಕು ದಾನಗಳಲ್ಲಿ ಔಷಧದಾನವನ್ನೂ ಸೇರಿಸಿರುವುದು ಇದಕ್ಕೆ ಪ್ರಮಾಣ.

ಇನ್ನು ಆಯಾಸದ ಮಾತು. ರಕ್ತಪರೀಕ್ಷೆಯ ಅಂಕಿ ಸರಿಯಾದೊಡನೆ ಬಳಲಿಕೆಯೂ ಅದೇ ದಿನ ಮಾಯವಾಗುವುದಿಲ್ಲ. ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಆ ಶ್ರಾವಿಕೆಗೂ ಹಾಗೆಯೇ ಆಯಿತು. ಮತ್ತೆ ಪರೀಕ್ಷಿಸಿದಾಗ ರಕ್ತಹೀನತೆಯೂ ಬಿ-12 ಜೀವಸತ್ವದ ಕೊರತೆಯೂ ಕಂಡುಬಂದುವು. ಎಲ್ಲ ಬಳಲಿಕೆಯನ್ನೂ ಥೈರಾಯ್ಡಿನ ಮೇಲೆ ಹೊರಿಸದೆ, ಸಸ್ಯಾಹಾರಿಗಳಲ್ಲಿ ಸಾಮಾನ್ಯವಾದ ಈ ಕೊರತೆಗಳನ್ನೂ ಪರೀಕ್ಷಿಸಿಕೊಳ್ಳುವುದು ವಿವೇಕ. ಚಿಕಿತ್ಸೆಯೊಡನೆ ಆಕೆ ದಿನವನ್ನು ಹಂಚಿಕೊಂಡಳು. ಬೆಳಗ್ಗೆ ಶಕ್ತಿಯಿದ್ದಾಗ ಪೂಜೆ ಮತ್ತು ಅಡುಗೆ, ಮಧ್ಯಾಹ್ನ ಅರ್ಧ ಗಂಟೆ ವಿಶ್ರಾಂತಿ, ಸಂಜೆ ಬಸದಿಯವರೆಗೆ ನಿಧಾನವಾಗಿ ನಡಿಗೆ. ನಿಂತು ಮಾಡುತ್ತಿದ್ದ ಕಾಯೋತ್ಸರ್ಗವನ್ನು ಕುಳಿತು ಮಾಡಿದಳು. ಹತ್ತು ಪುಟ ಓದುತ್ತಿದ್ದಲ್ಲಿ ಎರಡು ಪುಟ ಓದಿದಳು. ಓದಿದ ಎರಡು ಪುಟ ಮನಸ್ಸಿನಲ್ಲಿ ನಿಂತುವು. ಅನಶನವು ಆರು ಬಾಹ್ಯ ತಪಗಳಲ್ಲಿ ಒಂದು ಮಾತ್ರ. ಪ್ರಾಯಶ್ಚಿತ್ತ, ವಿನಯ, ವೈಯಾವೃತ್ಯ, ಸ್ವಾಧ್ಯಾಯ, ವ್ಯುತ್ಸರ್ಗ, ಧ್ಯಾನಗಳೆಂಬ ಆರು ಅಂತರಂಗ ತಪಗಳಿಗೆ ಹೊಟ್ಟೆ ಬರಿದಾಗಿರಲೇಬೇಕೆಂಬ ಕಟ್ಟಿಲ್ಲ.

ಮನೆಯವರಿಗೂ ಇಲ್ಲಿ ಒಂದು ತಪವಿದೆ. ವೈಯಾವೃತ್ಯಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ತಪಸ್ವಿಯ ಜೊತೆಗೇ ಗ್ಲಾನರನ್ನು, ಎಂದರೆ ರೋಗದಿಂದ ಬಳಲಿದವರನ್ನು, ಹೇಳಿದೆ. ಉಪವಾಸ ಮಾಡಿದ ಸೊಸೆಯ ಪಾರಣೆಗೆ ಪ್ರೀತಿಯಿಂದ ಅಣಿಮಾಡುವ ಮನೆಯು ಬಳಲಿದ ಸೊಸೆಯನ್ನು ಸೋಮಾರಿಯೆಂದರೆ ಅದು ಅರ್ಧ ಧರ್ಮ. ಪ್ರಮಾದ ಬೇರೆ, ಅಸಾತಾವೇದನೀಯದ ಉದಯದಿಂದ ಬಂದ ಆಯಾಸ ಬೇರೆ. ಪ್ರಮಾದಿಗೆ ಮಾಡುವ ಮನಸ್ಸಿಲ್ಲ. ಗ್ಲಾನನಿಗೆ ಮನಸ್ಸಿದೆ, ಮೈ ಇಲ್ಲ. ವರದಿಯನ್ನು ಮಗನು ಓದಿ ವಿವರಿಸಿದ ದಿನದಿಂದ ಅತ್ತೆಯೇ ಮುಂಜಾನೆ ನೀರು ಕಾಯಿಸಿ ಆರಿಸಿಟ್ಟು, "ಗುಳಿಗೆ ಆಯಿತೇನವ್ವಾ?" ಎಂದು ಕೇಳತೊಡಗಿದರು.

ಮರುವರ್ಷದ ಭಾದ್ರಪದ ಬಂದಿತು. ವೈದ್ಯರನ್ನು ಒಂದು ತಿಂಗಳು ಮೊದಲೇ ಕಂಡು, ರಕ್ತಪರೀಕ್ಷೆ ಮಾಡಿಸಿ, ಅವರ ಒಪ್ಪಿಗೆ ಪಡೆದು ಆಕೆ ಒಂಬತ್ತು ದಿನ ಏಕಭುಕ್ತವನ್ನೂ ಅನಂತ ಚತುರ್ದಶಿಯಂದು ಅನುಪವಾಸವನ್ನೂ ಕೈಗೊಂಡಳು. ನೀರನ್ನು ಮಾತ್ರ ಇಟ್ಟುಕೊಳ್ಳುವುದು ಅನುಪವಾಸ. ಉಪವಾಸಕ್ಕೆ ಅಶಕ್ತರು ಅನುಪವಾಸವನ್ನೂ, ಅದಕ್ಕೂ ಅಶಕ್ತರು ಆಚಾಮ್ಲ ಮೊದಲಾದುವನ್ನೂ ಮಾಡಬಹುದೆಂದು ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ವ್ರತ ಸ್ವೀಕರಿಸುವಾಗಲೇ ಔಷಧಿ ಮತ್ತು ಅದಕ್ಕೆ ಬೇಕಾದ ನೀರಿನ ವಿನಾಯಿತಿಯನ್ನು ಆಕೆ ಉಚ್ಚರಿಸಿದಳು. ಶ್ವೇತಾಂಬರ ಸಂಪ್ರದಾಯದ ಪ್ರತ್ಯಾಖ್ಯಾನದಲ್ಲಿಯೂ ಸಮಾಧಿಯ ರಕ್ಷಣೆಗಾಗಿ ಇಂತಹ ಆಗಾರವನ್ನು ಮೊದಲೇ ಹೇಳಿಕೊಳ್ಳುವ ಪದ್ಧತಿಯಿದೆ. ಮೊದಲೇ ಹೇಳಿದ ವಿನಾಯಿತಿಯು ವ್ರತದ ಅಂಗ; ನಡುವೆ ಗುಟ್ಟಾಗಿ ಮಾಡಿಕೊಂಡ ವಿನಾಯಿತಿ ವ್ರತಭಂಗ.

ಎಲ್ಲರಿಗೂ ಇಷ್ಟೂ ಸಾಧ್ಯವಾಗಲಾರದು. ಥೈರಾಯ್ಡಿನ ಹಿಂಬದಿಯಲ್ಲಿರುವ ನಾಲ್ಕು ಕಿರಿಯ ಗ್ರಂಥಿಗಳು ಶಸ್ತ್ರಚಿಕಿತ್ಸೆಯಲ್ಲಿ ಘಾಸಿಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ತುಟಿಯ ಸುತ್ತಲೂ ಬೆರಳ ತುದಿಗಳಲ್ಲಿಯೂ ಜುಮ್ಮೆನ್ನುತ್ತದೆ, ಕೈಕಾಲು ಸೆಟೆಯುತ್ತವೆ. ಇನ್ನೂ ಕ್ಯಾಲ್ಸಿಯಂ ಗುಳಿಗೆಯನ್ನೇ ಅವಲಂಬಿಸಿರುವ ಅಂಥವರು ಉಪವಾಸಕ್ಕಾಗಿ ಅದನ್ನು ಬಿಡಲೇಕೂಡದು. ಈ ಲಕ್ಷಣಗಳು ಕಂಡರೆ ಕೂಡಲೇ ವೈದ್ಯರಲ್ಲಿಗೆ ಹೋಗತಕ್ಕದ್ದು. ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ, ಪ್ರಮಾಣ ಇನ್ನೂ ನಿಲುಗಡೆಗೆ ಬಾರದಿರುವಾಗ, ಗರ್ಭಿಣಿಯಾಗಿರುವಾಗ ರಸಪರಿತ್ಯಾಗವೇ ಸಾಕು: ಒಂದು ದಿನ ಉಪ್ಪು, ಒಂದು ದಿನ ಸಿಹಿ, ಒಂದು ದಿನ ತುಪ್ಪ. ಅದೂ ಆಗದಿದ್ದರೆ ಒಂದು ದಿನ ಕೋಪವನ್ನು ಬಿಡಬಹುದು. ಉತ್ತಮ ಕ್ಷಮೆಯು ದಶಲಕ್ಷಣಗಳಲ್ಲಿ ಮೊದಲನೆಯದೇ ಆಗಿದೆ.

ಅನಂತ ಚತುರ್ದಶಿಯ ಮರುದಿನ ಆ ಶ್ರಾವಿಕೆ ಬಸದಿಗೆ ನಡೆದೇ ಬಂದಳು. ಪೂಜೆಯಾದ ಮೇಲೆ ಎಲ್ಲರೂ ತಾವು ಮಾಡಿದ ಉಪವಾಸಗಳ ಲೆಕ್ಕ ಹೇಳಿದರು. ಆಕೆಯ ಸರದಿ ಬಂದಾಗ, "ಒಂಬತ್ತು ಏಕಭುಕ್ತ, ಒಂದು ಅನುಪವಾಸ, ಗುಳಿಗೆ ಒಂದು ದಿನವೂ ತಪ್ಪಿಲ್ಲ" ಎಂದಳು. ಕೆಲವರು ನಕ್ಕರು. ಆದರೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಇಬ್ಬರು ಹೆಂಗಸರು ಮಾತ್ರ ನಗಲಿಲ್ಲ. ಅವರೂ ಪರ್ವದ ನಿಮಿತ್ತ ಗುಳಿಗೆ ನಿಲ್ಲಿಸಿದವರಾಗಿದ್ದರು. ಹೊರಗೆ ಬಂದು ಆಕೆಯ ಕೈಹಿಡಿದು, ಯಾವ ಹೊತ್ತಿಗೆ ಸೇವಿಸುವುದು, ಎಷ್ಟು ಹೊತ್ತು ಕಾಯುವುದು ಎಂದೆಲ್ಲ ಕೇಳಿ ತಿಳಿದುಕೊಂಡರು. ಆಕೆಯ ಆ ವರ್ಷದ ನೋಂಪಿಗೆ ಅದೇ ಉದ್ಯಾಪನೆಯಾಯಿತು.

ಸರ್ವರಿಗೂ ಆರೋಗ್ಯವೂ ಸಮಾಧಿಯೂ ಲಭಿಸಲಿ.